ಅಧಿಕೃತ ಮ್ಯಾಸ್ಕಾಟ್ ಇಲ್ಲದ ವಿಶ್ವವಿದ್ಯಾಲಯದಲ್ಲಿ ಕುಣಿಯುವ ಮರ: ಸ್ಟ್ಯಾನ್‌ಫರ್ಡ್ ಪ್ರಕರಣದ ಅಧ್ಯಯನ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಿಗೆ ಅಧಿಕೃತ ಮ್ಯಾಸ್ಕಾಟ್ ಎಂಬುದಿಲ್ಲ. ತಂಡಗಳ ಹೆಸರು ‘ಕಾರ್ಡಿನಲ್’. ಅದು ಹಕ್ಕಿಯೂ ಅಲ್ಲ, ಪಾದ್ರಿಯೂ ಅಲ್ಲ, ಗಾಢ ಕೆಂಪು ಬಣ್ಣವೊಂದರ ಹೆಸರು. ಆದರೂ ಅಲ್ಲಿನ ಯಾವುದೇ ದೊಡ್ಡ ಪಂದ್ಯಕ್ಕೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಮೈದಾನದಂಚಿನಲ್ಲಿ ಹುಚ್ಚುಹುಚ್ಚಾಗಿ ಕುಣಿಯುವ ಒಂದು ಮರ. ಬಟ್ಟೆಯಿಂದಲೂ ಸ್ಪಂಜಿನಂಥ ವಸ್ತುಗಳಿಂದಲೂ ಮಾಡಿದ, ಉರುಟು ಕಣ್ಣು, ದೊಡ್ಡ ತುಟಿಗಳಿರುವ, ಒಳಗೊಬ್ಬ ವಿದ್ಯಾರ್ಥಿ ನಿಂತಿರುವ ಈ ಮರವನ್ನು ವಿಶ್ವವಿದ್ಯಾಲಯ ನೇಮಿಸಿದ್ದಲ್ಲ. ಅದು ವಿದ್ಯಾರ್ಥಿಗಳ ಬ್ಯಾಂಡಿನ ಸದಸ್ಯ, ಅಷ್ಟೆ.

ಈ ವಿಚಿತ್ರ ಸ್ಥಿತಿಯನ್ನು ಕ್ಯಾಲಿಫೋರ್ನಿಯಾದ ಹುಡುಗರ ಚೇಷ್ಟೆ ಎಂದು ನಕ್ಕು ಬಿಡಬಹುದು; ಅದರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಹಾಗೆಯೇ ಮಾಡಿದ್ದಾರೆ. ಆದರೆ ಮರದ ಹಿಂದೆ ಮೂರು ಆಡಳಿತಾತ್ಮಕ ತೀರ್ಮಾನಗಳಿವೆ. 1972ರಲ್ಲಿ ಹಳೆಯ ಸಂಕೇತವೊಂದನ್ನು ಕೈಬಿಡಲಾಯಿತು, 1975ರಲ್ಲಿ ವಿದ್ಯಾರ್ಥಿಗಳ ಮತವನ್ನು ತಳ್ಳಿಹಾಕಲಾಯಿತು, 1981ರಲ್ಲಿ ಬಣ್ಣವೊಂದನ್ನು ಹೆಸರಾಗಿ ಘೋಷಿಸಲಾಯಿತು. ಮೊದಲನೆಯದು ಸರಿಯಾಗಿತ್ತು, ಎರಡನೆಯದು ದುಬಾರಿಯಾಯಿತು, ಮೂರನೆಯದು ಜಾಣತನದ್ದಾಗಿದ್ದರೂ ತಡವಾಗಿತ್ತು ಎಂಬುದು ಈ ಅಧ್ಯಯನದ ವಾದ. ಸಂಸ್ಥೆಯೊಂದು ತನ್ನ ಸಂಕೇತವನ್ನು ಆದೇಶದ ಮೂಲಕ ತೆಗೆದುಹಾಕಬಲ್ಲದು. ಆದರೆ ಆದೇಶದ ಮೂಲಕ ಇನ್ನೊಂದನ್ನು ಜನರ ಬಾಯಲ್ಲಿ ನಿಲ್ಲಿಸುವುದು ಅಷ್ಟು ಸುಲಭವಲ್ಲ ಎಂಬುದನ್ನು ಈ ಐದು ದಶಕಗಳ ಇತಿಹಾಸ ವಿವರವಾಗಿ ತೋರಿಸುತ್ತದೆ.

ನಮ್ಮ ಓದುಗರಿಗಾಗಿ ಒಂದು ಸ್ಪಷ್ಟನೆ ಅಗತ್ಯ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೂ ಲಾಂಛನಗಳಿವೆ. ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲಿ ಗಂಡಭೇರುಂಡವಿದೆ, ‘ನ ಹಿ ಜ್ಞಾನೇನ ಸದೃಶಂ’ ಎಂಬ ಧ್ಯೇಯವಾಕ್ಯವಿದೆ. ಆದರೆ ಅದು ಪದವಿ ಪತ್ರದ ಮೇಲೆ, ಕಟ್ಟಡದ ಮುಂಭಾಗದಲ್ಲಿ ಗಂಭೀರವಾಗಿ ನಿಂತಿರುವ ಚಿಹ್ನೆ. ಅಂತರ ಕಾಲೇಜು ಕಬಡ್ಡಿ ಪಂದ್ಯಕ್ಕೆ ಗಂಡಭೇರುಂಡದ ವೇಷ ಹಾಕಿಕೊಂಡು ಬಂದು ಎದುರಾಳಿಗಳನ್ನು ಕೆಣಕುವವರು ಯಾರೂ ಇಲ್ಲ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮ್ಯಾಸ್ಕಾಟ್ ಎಂದರೆ ಕೆಣಕುವ, ಕುಣಿಯುವ, ಮಕ್ಕಳ ಕೈಕುಲುಕುವ ಒಂದು ಜೀವಂತ ಪಾತ್ರ. ಹತ್ತಾರು ಸಾವಿರ ಜನ ಸೇರುವ ಪಂದ್ಯಗಳಲ್ಲಿ, ಹಳೆಯ ವಿದ್ಯಾರ್ಥಿಗಳ ದೇಣಿಗೆಯ ಮೇಲೆ ಬಹುಮಟ್ಟಿಗೆ ನಿಂತಿರುವ ವ್ಯವಸ್ಥೆಯಲ್ಲಿ, ಆ ಪಾತ್ರದ ಬಗೆಗಿನ ಜಗಳ ಬರಿಯ ವೇಷದ ಜಗಳವಾಗಿ ಉಳಿಯುವುದಿಲ್ಲ.

ಹಿನ್ನೆಲೆ

ರೈಲ್ವೆ ಉದ್ಯಮಿಯೂ ಕ್ಯಾಲಿಫೋರ್ನಿಯಾದ ಮಾಜಿ ಗವರ್ನರೂ ಆಗಿದ್ದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಮತ್ತು ಅವರ ಪತ್ನಿ ಜೇನ್, 1884ರಲ್ಲಿ ಟೈಫಾಯ್ಡ್‌ನಿಂದ ಹದಿನೈದನೆಯ ವಯಸ್ಸಿನಲ್ಲೇ ತೀರಿಕೊಂಡ ತಮ್ಮ ಏಕೈಕ ಮಗನ ನೆನಪಿಗೆ ಈ ವಿಶ್ವವಿದ್ಯಾಲಯವನ್ನು ಕಟ್ಟಿಸಿದರು. 1891ರಲ್ಲಿ ತರಗತಿಗಳು ಆರಂಭವಾದವು. ಮರುವರ್ಷ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆರೆಯ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿರುದ್ಧ ಮೊದಲ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಪಂದ್ಯ ನಡೆಯಿತು. ಸ್ಟ್ಯಾನ್‌ಫರ್ಡ್ ತಂಡದ ಹಣಕಾಸು ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಹರ್ಬರ್ಟ್ ಹೂವರ್. ಮುಂದೆ ಅಮೆರಿಕದ ಅಧ್ಯಕ್ಷರಾದವರು ಇವರೇ. ಅಷ್ಟೆಲ್ಲ ಟಿಕೆಟು ಮಾರಿದ ಮೇಲೆ ಮೈದಾನಕ್ಕೆ ಚೆಂಡು ತರುವುದನ್ನೇ ಎರಡೂ ಕಡೆಯವರು ಮರೆತಿದ್ದರು ಎಂಬ ಕಥೆಯನ್ನು ಎರಡೂ ಕ್ಯಾಂಪಸ್‌ಗಳಲ್ಲಿ ಇಂದಿಗೂ ಸಂತೋಷದಿಂದ ಹೇಳುತ್ತಾರೆ. ಪಂದ್ಯವನ್ನು ಸ್ಟ್ಯಾನ್‌ಫರ್ಡ್ 14–10ರಿಂದ ಗೆದ್ದಿತು. ಕಾರ್ಡಿನಲ್ ಬಣ್ಣ ನೀಲಿ ಹೊನ್ನು ಬಣ್ಣಗಳನ್ನು ಸೋಲಿಸಿತು ಎಂದು ಪತ್ರಿಕೆಗಳು ಬರೆದವು. ಆಗಿನಿಂದ ಆ ಬಣ್ಣವೇ ತಂಡದ ಕರೆಹೆಸರು. ಅಂದರೆ 1981ರಲ್ಲಿ ಘೋಷಿತವಾದ ಬಣ್ಣ ಹೊಸದಲ್ಲ. ನಡುವೆ ಐವತ್ತು ವರ್ಷ ಬೇರೆ ಪಾತ್ರಗಳು ಬಂದು ಹೋದವು.

ಆ ಪಾತ್ರಗಳಲ್ಲಿ ಮುಖ್ಯವಾದದ್ದು ‘ಇಂಡಿಯನ್’. ಇಲ್ಲಿ ಇಂಡಿಯನ್ ಎಂದರೆ ಭಾರತೀಯನಲ್ಲ, ಅಮೆರಿಕದ ಮೂಲನಿವಾಸಿ. 1930ರ ನವೆಂಬರಿನಲ್ಲಿ ವಿದ್ಯಾರ್ಥಿ ಸಂಘದ ಕಾರ್ಯಕಾರಿ ಸಮಿತಿ ಒಮ್ಮತದಿಂದ ಅದನ್ನು ತಂಡಗಳ ಸಂಕೇತವಾಗಿ ಸ್ವೀಕರಿಸಿತು. ಆ ಕಾಲದಲ್ಲಿ ತಂಡದ ತರಬೇತುದಾರರಾಗಿದ್ದ ಪಾಪ್ ವಾರ್ನರ್ ಅದಕ್ಕೂ ಹಿಂದೆ ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯ ತಂಡವನ್ನು ಬೆಳೆಸಿದವರು. ಮೂಲನಿವಾಸಿ ಮಕ್ಕಳನ್ನು ಅವರ ಭಾಷೆ, ಉಡುಗೆ, ಕುಟುಂಬಗಳಿಂದ ದೂರ ಮಾಡಿ ‘ನಾಗರಿಕ’ರನ್ನಾಗಿಸಲು ಸ್ಥಾಪಿಸಿದ್ದ ಶಾಲೆ ಅದು. ಶಾಲೆಗಳಲ್ಲಿ ಮೂಲನಿವಾಸಿಗಳ ಉಡುಗೆಯನ್ನು ಬಿಡಿಸುತ್ತಿದ್ದ ಸಮಾಜವೇ ಮೈದಾನಗಳಲ್ಲಿ ಅದನ್ನು ವೇಷವಾಗಿ ತೊಡತೊಡಗಿತ್ತು.

1972: ತೆಗೆದುಹಾಕಿದ ಬಗೆ

1951ರಿಂದ ಸುಮಾರು ಎರಡು ದಶಕ ಸ್ಟ್ಯಾನ್‌ಫರ್ಡ್ ಪಂದ್ಯಗಳಲ್ಲಿ ‘ಪ್ರಿನ್ಸ್ ಲೈಟ್‌ಫುಟ್’ ಎಂಬ ಹೆಸರಿನಲ್ಲಿ ಗರಿಗಳ ಶಿರೋಭೂಷಣ ತೊಟ್ಟು ಕುಣಿಯುತ್ತಿದ್ದವರು ಟಿಮ್ ವಿಲಿಯಮ್ಸ್. ಪ್ರಕರಣವನ್ನು ಜಟಿಲಗೊಳಿಸುವ ಸಂಗತಿಯೆಂದರೆ ವಿಲಿಯಮ್ಸ್ ಸ್ವತಃ ಉತ್ತರ ಕ್ಯಾಲಿಫೋರ್ನಿಯಾದ ಯುರೋಕ್ ಸಮುದಾಯಕ್ಕೆ ಸೇರಿದವರು. ತಮ್ಮ ಪ್ರದರ್ಶನ ಮೂಲನಿವಾಸಿಗಳಿಗೆ ಗೌರವ ತರುತ್ತದೆಂದು ಅವರು ನಂಬಿದ್ದರು. ‘ಒಬ್ಬ ಇಂಡಿಯನ್ನೇ ಕುಣಿಯುತ್ತಿರುವಾಗ ಅವಮಾನ ಎಲ್ಲಿಂದ ಬಂತು’ ಎಂಬ ಪ್ರಶ್ನೆ ಸಂಕೇತದ ಬೆಂಬಲಿಗರಿಗೆ ಸುಲಭವಾಗಿ ಒದಗುತ್ತಿತ್ತು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಕುಣಿಯುವವನ ಸಂತೋಷವೊಂದೇ ಅಳತೆಗೋಲಾಗಲಾರದು; ಆ ಕುಣಿತವನ್ನು ನೋಡಿ ಬೀಗುವ ಸಾವಿರಾರು ಜನರ ನಡುವೆ ತಮ್ಮ ಕುಲದ ಪವಿತ್ರ ಆಚರಣೆಗಳು ಹಾಫ್‌ಟೈಮಿನ ಮನರಂಜನೆಯಾಗುವುದನ್ನು ಕಾಣುವ ವಿದ್ಯಾರ್ಥಿಗೆ ಏನನ್ನಿಸುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

1970ರವರೆಗೆ ಅಂಥ ವಿದ್ಯಾರ್ಥಿಗಳು ಕ್ಯಾಂಪಸ್‌ನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇರಲಿಲ್ಲ. ಆ ವರ್ಷ ವಿಶ್ವವಿದ್ಯಾಲಯ ಮೂಲನಿವಾಸಿ ವಿದ್ಯಾರ್ಥಿಗಳನ್ನು ಗಮನಾರ್ಹ ಸಂಖ್ಯೆಯಲ್ಲಿ ಸೇರಿಸಿಕೊಂಡಿತು. ಅವರು ತಮ್ಮದೇ ಸಂಘಟನೆ ಕಟ್ಟಿಕೊಂಡರು. ಅದೇ ನವೆಂಬರಿನಲ್ಲಿ ಪ್ರಿನ್ಸ್ ಲೈಟ್‌ಫುಟ್ ಪ್ರದರ್ಶನಗಳಿಗೆ ಆಕ್ಷೇಪಣೆ ಸಲ್ಲಿಸಿದರು. ಈ ಅನುಕ್ರಮವೇ ಪ್ರಕರಣದ ಕೀಲಿ. ನಲವತ್ತು ವರ್ಷ ಯಾರೂ ದೂರು ಕೊಟ್ಟಿರಲಿಲ್ಲ ಎಂಬುದನ್ನು ‘ಯಾರಿಗೂ ನೋವಾಗಿರಲಿಲ್ಲ’ ಎಂದು ಓದಿಕೊಳ್ಳುವುದು ವಾಡಿಕೆ. ದೂರು ಕೊಡಬೇಕಾದವರು ಒಳಗೆ ಇರಲೇ ಇಲ್ಲ ಎಂಬುದು ಅದಕ್ಕಿಂತ ಸರಳವಾದ ಕಾರಣ.

1972ರ ಫೆಬ್ರುವರಿಯಲ್ಲಿ 55 ಮಂದಿ ಮೂಲನಿವಾಸಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿ ಸಂಕೇತವನ್ನೇ ಸಂಪೂರ್ಣವಾಗಿ ಕೈಬಿಡಬೇಕೆಂದು ಮನವಿ ಕೊಟ್ಟರು. ಅಹವಾಲು ಆಲಿಸುವ ಅಧಿಕಾರಿಯಾಗಿದ್ದ ಲೋಯಿಸ್ ಆಮ್‌ಸ್ಟರ್‌ಡ್ಯಾಮ್ ಆ ಮನವಿಯನ್ನು ಅಧ್ಯಕ್ಷರಿಗೆ (ನಮ್ಮ ಕುಲಪತಿಗಳ ಸ್ಥಾನ ಅಲ್ಲಿ ಅಧ್ಯಕ್ಷರದು) ತಲುಪಿಸಿ ಅದನ್ನು ಸಮರ್ಥಿಸಿದರು. ಅವರ ವಾದದ ಬಗೆ ಗಮನಾರ್ಹ. ಯಾರೂ ದುರುದ್ದೇಶದಿಂದ ಈ ಸಂಕೇತವನ್ನು ಬಳಸಿರಲಿಲ್ಲ, ಆದರೆ ನಾವೆಲ್ಲರೂ ಮಾಡಿಯೋ ಮಾಡದೆಯೋ ಅದನ್ನು ಒಪ್ಪಿಕೊಂಡು ಬಂದಿದ್ದೆವು, ಅದು ನಮ್ಮ ಸಮಾಜದ ಮಂದದೃಷ್ಟಿಯ ಫಲ ಎಂಬುದು ಅವರ ನಿಲುವಾಗಿತ್ತು. ತಪ್ಪನ್ನು ಯಾರೊಬ್ಬರ ತಲೆಗೂ ಕಟ್ಟದ ಈ ಮಾತಿನಿಂದಾಗಿ ಒಪ್ಪಿಕೊಳ್ಳುವವರಿಗೆ ದಾರಿ ಸುಗಮವಾಯಿತು. ವಿದ್ಯಾರ್ಥಿ ಸೆನೆಟ್ 18–4 ಮತಗಳಿಂದ ಮನವಿಯನ್ನು ಬೆಂಬಲಿಸಿತು. ಅಧ್ಯಕ್ಷ ರಿಚರ್ಡ್ ಲೈಮನ್ ಸಂಕೇತವನ್ನು ಶಾಶ್ವತವಾಗಿ ಕೈಬಿಟ್ಟರು.

ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಸಿಟ್ಟಾದರು. ಇಂಡಿಯನ್ನನ್ನು ಮರಳಿ ತರಬೇಕೆಂಬ ಒತ್ತಾಯ ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಎದ್ದಿತು. ಆದರೂ ತೀರ್ಮಾನ ಅಲುಗಾಡಲಿಲ್ಲ. ಸ್ಟ್ಯಾನ್‌ಫರ್ಡ್‌ನ ಈ ನಡೆ ಎಷ್ಟು ಮುಂಚಿನದು ಎಂಬುದು ಬೇರೆಡೆಯ ದಿನಾಂಕಗಳನ್ನು ಪಕ್ಕಕ್ಕಿಟ್ಟು ನೋಡಿದಾಗ ತಿಳಿಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯ 1926ರಲ್ಲಿ ಆರಂಭವಾದ ತನ್ನ ‘ಚೀಫ್ ಇಲಿನಿವೆಕ್’ ಕುಣಿತವನ್ನು ನಿಲ್ಲಿಸಿದ್ದು 2007ರಲ್ಲಿ, ಅದೂ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ 2005ರಲ್ಲಿ ಇಂಥ ಸಂಕೇತಗಳ ಮೇಲೆ ನಿರ್ಬಂಧ ಹೇರಿದ ನಂತರ. ನಾರ್ತ್ ಡಕೋಟಾ ವಿಶ್ವವಿದ್ಯಾಲಯ ‘ಫೈಟಿಂಗ್ ಸೂ’ (ಸೂ ಎಂಬುದು ಮೂಲನಿವಾಸಿ ಸಮುದಾಯ) ಹೆಸರನ್ನು ಬಿಡಲು 2012ರಲ್ಲಿ ರಾಜ್ಯವ್ಯಾಪಿ ಜನಮತಗಣನೆಯೇ ನಡೆಯಬೇಕಾಯಿತು.

1975: ಕೇಳಿ ಕೈಬಿಟ್ಟ ಮತ

ತೆಗೆದುಹಾಕಿದ್ದಾಯಿತು, ಮುಂದೇನು? 1972ರಿಂದ ತಂಡಗಳನ್ನು ‘ಕಾರ್ಡಿನಲ್ಸ್’ ಎಂದು ಬಹುವಚನದಲ್ಲಿ ಕರೆಯುವುದು ರೂಢಿಯಾಯಿತು. ಅದು ತಾತ್ಕಾಲಿಕ ಏರ್ಪಾಡಿನಂತಿತ್ತು, ಯಾರಿಗೂ ಅದರ ಮೇಲೆ ಪ್ರೀತಿ ಇರಲಿಲ್ಲ. 1975ರಲ್ಲಿ ವಿದ್ಯಾರ್ಥಿಗಳು ಹೊಸ ಹೆಸರಿಗಾಗಿ ಮತ ಹಾಕಿದರು. ಪಟ್ಟಿಯಲ್ಲಿ ಸಿಕ್ವೋಯಾಗಳು, ಮರಗಳು, ಹೂಣರು, ರೈಲ್ವೆಯವರು, ಹಳಿಯ ಮೊಳೆಗಳು ಇತ್ಯಾದಿ ಹೆಸರುಗಳಿದ್ದವು. ಅವುಗಳ ಜೊತೆ ‘ರಾಬರ್ ಬ್ಯಾರನ್ಸ್’ ಎಂಬುದೂ ಇತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ರೈಲ್ವೆ, ಉಕ್ಕು, ಎಣ್ಣೆಗಳಲ್ಲಿ ಏಕಸ್ವಾಮ್ಯ ಸಾಧಿಸಿ ಅಪಾರ ಸಂಪತ್ತು ಗಳಿಸಿದವರನ್ನು ಅವರ ಟೀಕಾಕಾರರು ಕರೆಯುತ್ತಿದ್ದ ಹೆಸರದು. ‘ಲೂಟಿಕೋರ ದೊರೆಗಳು’ ಎಂದರೆ ನಮ್ಮಲ್ಲಿ ಅದರ ಖಾರ ತಿಳಿಯುತ್ತದೆ.

ಆ ಹೆಸರಿನ ಬಾಣ ಯಾರ ಕಡೆಗಿತ್ತು ಎಂಬುದರಲ್ಲಿ ಗೊಂದಲವಿರಲಿಲ್ಲ. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಸೆಂಟ್ರಲ್ ಪೆಸಿಫಿಕ್ ರೈಲ್ವೆಯ ನಾಲ್ವರು ಪ್ರಮುಖರಲ್ಲಿ ಒಬ್ಬರು. ಪೂರ್ವ ಪಶ್ಚಿಮಗಳ ಹಳಿಗಳು ಕೂಡಿದ 1869ರ ಮೇ 10ರಂದು ಯೂಟಾದಲ್ಲಿ ಚಿನ್ನದ ಮೊಳೆಯ ವಿಧಿಯನ್ನು ನೆರವೇರಿಸಿದವರು ಅವರೇ; ಆ ಮೊಳೆ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಆ ಹಳಿಗಳನ್ನು ಸಿಯೆರಾ ಪರ್ವತಗಳ ಬಂಡೆ ಕೊರೆದು ಹಾಕಿದವರು ಸಾವಿರಾರು ಚೀನೀ ಕಾರ್ಮಿಕರು. ಗವರ್ನರ್ ಆಗಿ ಚೀನೀಯರ ವಲಸೆಯ ವಿರುದ್ಧ ಮಾತನಾಡಿದ್ದ ವ್ಯಕ್ತಿಯೇ ಉದ್ಯಮಿಯಾಗಿ ಅವರ ದುಡಿಮೆಯ ಮೇಲೆ ಸಂಪತ್ತು ಕಟ್ಟಿದ್ದರು. ವಿದ್ಯಾರ್ಥಿಗಳು ಇದನ್ನೆಲ್ಲ ಓದಿಯೇ ಮತ ಹಾಕಿದರೆಂದು ಹೇಳಲಾಗದು. ತುಂಟತನದ ಪಾಲು ದೊಡ್ಡದೇ ಇದ್ದಿರಬೇಕು. ಆದರೆ ರಾಬರ್ ಬ್ಯಾರನ್ಸ್ ಗೆದ್ದಿತು, ಆಡಳಿತ ಅದನ್ನು ಒಪ್ಪಲಿಲ್ಲ.

ಸಂಸ್ಥಾಪಕನನ್ನು ಲೂಟಿಕೋರನೆನ್ನುವ ಹೆಸರನ್ನು ಯಾವ ಸಂಸ್ಥೆಯೂ ತನ್ನ ಅಂಗಿಯ ಮೇಲೆ ಹಚ್ಚಿಕೊಳ್ಳುವುದಿಲ್ಲ ಎಂಬುದು ಅರ್ಥವಾಗುವ ಮಾತು. ತೊಂದರೆ ಇರುವುದು ಬೇರೆ ಕಡೆ. ಮೂರೇ ವರ್ಷಗಳ ಹಿಂದೆ ವಿಶ್ವವಿದ್ಯಾಲಯ ಇನ್ನೊಬ್ಬರ ಪೂರ್ವಜರನ್ನು ಹಾಸ್ಯಚಿತ್ರವಾಗಿಸುವುದು ತಪ್ಪೆಂದು ವಿದ್ಯಾರ್ಥಿಗಳಿಗೆ ತಿಳಿಹೇಳಿತ್ತು. ಈಗ ವಿದ್ಯಾರ್ಥಿಗಳು ತಮ್ಮದೇ ಸಂಸ್ಥೆಯ ಪೂರ್ವಜನನ್ನು ಹಾಸ್ಯಕ್ಕೆ ಎಳೆದಾಗ ಅದು ಮುಖ ತಿರುಗಿಸಿತು. ಎರಡೂ ನಿರಾಕರಣೆಗಳು ಒಂದೇ ತೂಕದವಲ್ಲ. ಬಲಹೀನರ ಘನತೆಯನ್ನು ಕಾಯುವುದಕ್ಕೂ ಬಲಶಾಲಿಯ ಹೆಸರನ್ನು ಕಾಯುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಗುರುತಿಸಲು ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಮೇಲಾಗಿ, ಫಲಿತಾಂಶವನ್ನು ಒಪ್ಪಲು ಸಿದ್ಧವಿಲ್ಲದಿದ್ದರೆ ಆ ಹೆಸರನ್ನು ಪಟ್ಟಿಯಲ್ಲಿ ಉಳಿಯಗೊಟ್ಟದ್ದಾದರೂ ಏಕೆ? ಮತ ಕೇಳಿ, ಎಣಿಸಿ, ಆಮೇಲೆ ತಳ್ಳಿಹಾಕಿದ್ದರಿಂದ ಹೊಸ ಸಂಕೇತವನ್ನು ಸೂಚಿಸುವ ನೈತಿಕ ಅಧಿಕಾರ ಆಡಳಿತದ ಕೈತಪ್ಪಿತು ಎಂದು ನನ್ನ ಅಭಿಪ್ರಾಯ.

ಮುಂದೆ 1978ರಲ್ಲಿ 225 ಕ್ರೀಡಾಪಟುಗಳು ಸಿಂಹದ ದೇಹ, ಗರುಡನ ತಲೆಯ ಗ್ರಿಫಿನ್ ಎಂಬ ಪುರಾಣಜೀವಿಯನ್ನು ಸೂಚಿಸಿ ಮನವಿ ಕೊಟ್ಟರು. ಅದೂ ಕೂಡಿಬರಲಿಲ್ಲ.

ಬ್ಯಾಂಡು ತುಂಬಿದ ಜಾಗ

ಈ ಖಾಲಿ ಜಾಗಕ್ಕೆ ನುಗ್ಗಿದ್ದು ಬ್ಯಾಂಡು. ಅದರ ಸ್ವಭಾವ ತಿಳಿಯದೆ ಮರ ಅರ್ಥವಾಗುವುದಿಲ್ಲ. ಅಮೆರಿಕದ ಕಾಲೇಜು ಬ್ಯಾಂಡುಗಳೆಂದರೆ ಸಾಮಾನ್ಯವಾಗಿ ಸೈನಿಕ ಶಿಸ್ತು: ಒಂದೇ ಸಮವಸ್ತ್ರ, ಒಂದೇ ಹೆಜ್ಜೆ, ಗೆರೆ ಕೊರೆದಂಥ ಸಾಲು. ಸ್ಟ್ಯಾನ್‌ಫರ್ಡ್ ಬ್ಯಾಂಡೂ ಹಾಗೆಯೇ ಇತ್ತು. 1963ರಲ್ಲಿ ಹಳೆಯ ನಿರ್ದೇಶಕರು ಹೋದದ್ದನ್ನು ಪ್ರತಿಭಟಿಸಿ ಸದಸ್ಯರು ಮುಷ್ಕರ ಹೂಡಿದಾಗ, ಹೊಸದಾಗಿ ಬಂದ ಆರ್ಥರ್ ಬಾರ್ನ್ಸ್ ಅವರನ್ನು ಒಲಿಸಿಕೊಂಡದ್ದು ಬ್ಯಾಂಡಿನ ಆಡಳಿತವನ್ನು ಅವರ ಕೈಗೇ ಒಪ್ಪಿಸುವ ಮೂಲಕ. ಅಂದಿನಿಂದ ಬ್ಯಾಂಡು ವಿದ್ಯಾರ್ಥಿಗಳದೇ. ಅವರು ಸಾಲುಗಟ್ಟಿ ನಡೆಯುವುದಿಲ್ಲ. ಒಂದು ಆಕೃತಿಯಿಂದ ಇನ್ನೊಂದಕ್ಕೆ ದಿಕ್ಕಾಪಾಲಾಗಿ ಓಡುತ್ತಾರೆ. ಹಾಫ್‌ಟೈಮ್ ಪ್ರದರ್ಶನಗಳೆಂದರೆ ಅಣಕ, ಕುಹಕ, ಸಮಕಾಲೀನ ರಾಜಕೀಯದ ಟೀಕೆ.

1975ರಲ್ಲಿ ಬ್ಯಾಂಡು ಹೊಸ ಮ್ಯಾಸ್ಕಾಟ್ ಹುಡುಕಾಟವನ್ನೇ ಅಣಕದ ವಸ್ತುವನ್ನಾಗಿಸಿಕೊಂಡಿತು. ಆಡಳಿತ ಒಪ್ಪದ ಹೆಸರುಗಳ ಜಾಗಕ್ಕೆ ತಾನೇ ಅಭ್ಯರ್ಥಿಗಳನ್ನು ಮೈದಾನಕ್ಕಿಳಿಸಿತು: ಹಬೆಯಾಡುವ ಮ್ಯಾನ್‌ಹೋಲ್, ಫ್ರೆಂಚ್ ಫ್ರೈ ಒಂದು, ಮತ್ತು ಒಂದು ಮರ. ಮ್ಯಾನ್‌ಹೋಲನ್ನೂ ಆಲೂಗಡ್ಡೆಯನ್ನೂ ಜನ ಮರೆತರು, ಮರ ಉಳಿಯಿತು. ಇದನ್ನು ಕೇವಲ ಆಕಸ್ಮಿಕವೆಂದು ನಾನು ನಂಬಲಾರೆ. ಆ ಮರಕ್ಕೆ ಊರಿನಲ್ಲಿ ಬೇರಿತ್ತು. ವಿಶ್ವವಿದ್ಯಾಲಯದ ಮೊಹರಿನಲ್ಲೂ ಪಕ್ಕದ ಪಾಲೊ ಆಲ್ಟೊ ನಗರದ ಮೊಹರಿನಲ್ಲೂ ಇರುವುದು ‘ಎಲ್ ಪಾಲೊ ಆಲ್ಟೊ’ ಎಂಬ ರೆಡ್‌ವುಡ್ ಮರ. ನಗರಕ್ಕೆ ಹೆಸರು ಬಂದದ್ದೂ ಅದರಿಂದಲೇ. ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸಿನ ಆ ಮರ ಸ್ಯಾನ್ ಫ್ರಾನ್ಸಿಸ್ಕಿಟೊ ತೊರೆಯ ದಂಡೆಯಲ್ಲಿ, ರೈಲುಹಳಿಗೆ ತಾಗಿದಂತೆ ಇಂದಿಗೂ ನಿಂತಿದೆ. ಒಂದು ಕಾಲಕ್ಕೆ ಜೋಡಿ ಕಾಂಡಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಬಿದ್ದುಹೋಯಿತು. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿ ಕ್ಯಾಲ್‌ಟ್ರೇನಿನಲ್ಲಿ ಓಡಾಡುವ ಕನ್ನಡಿಗರು ಗೊತ್ತಿಲ್ಲದೆಯೇ ಅದರ ಪಕ್ಕದಲ್ಲಿ ಹಾದುಹೋಗಿರುತ್ತಾರೆ. ಬ್ಯಾಂಡು ಮಾಡಿದ್ದು ಇಷ್ಟೆ: ಮೊಹರಿನಲ್ಲಿ ಗಂಭೀರವಾಗಿ ನಿಂತಿದ್ದ ಮರಕ್ಕೆ ಕಣ್ಣು, ಬಾಯಿ, ಕೈಕಾಲು ಕೊಟ್ಟು ಮೈದಾನಕ್ಕೆ ಕಳಿಸಿತು. ಅಣಕವೂ ಆಯಿತು, ಸಂಸ್ಥೆಯ ಗುರುತೂ ಉಳಿಯಿತು.

ಮರವಾಗುವವರ ಆಯ್ಕೆಯೇ ಒಂದು ವಾರ್ಷಿಕ ಹಬ್ಬ. ಹೊಸ ಮರವಾಗಬಯಸುವವರು ‘ಟ್ರೀ ವೀಕ್’ ಎಂಬ ದಿನಗಳಲ್ಲಿ ಕ್ಯಾಂಪಸ್‌ನಲ್ಲಿ ಒಬ್ಬರಿಗಿಂತ ಒಬ್ಬರು ವಿಲಕ್ಷಣವಾದ ಸಾಹಸಗಳನ್ನು ಮಾಡಿ ತೋರಿಸಬೇಕು. ಇವುಗಳಲ್ಲಿ ಕೆಲವು ಅಪಾಯದ ಅಂಚಿಗೂ ಹೋದದ್ದುಂಟು. ಗೆದ್ದವರು ತಮ್ಮ ವೇಷವನ್ನು ತಾವೇ ಕಟ್ಟಿಕೊಳ್ಳಬೇಕು. ಆದ್ದರಿಂದ ಒಂದು ವರ್ಷದ ಮರ ಇನ್ನೊಂದು ವರ್ಷದ ಮರದಂತಿರುವುದಿಲ್ಲ. ನಕಲು ಮಾಡಿ ಅಂಗಡಿಯಲ್ಲಿ ಮಾರಲು ಹೊರಟವರಿಗೆ ಇದಕ್ಕಿಂತ ದೊಡ್ಡ ತಲೆನೋವು ಇರಲಾರದು.

1981: ಬಣ್ಣವೆಂಬ ಉತ್ತರ

1981ರಲ್ಲಿ ಅಧ್ಯಕ್ಷ ಡೊನಾಲ್ಡ್ ಕೆನಡಿ, ಎಲ್ಲ ತಂಡಗಳನ್ನೂ ಕಾರ್ಡಿನಲ್ ಎಂಬ ಬಣ್ಣ ಮಾತ್ರ ಪ್ರತಿನಿಧಿಸುತ್ತದೆಂದು ಘೋಷಿಸಿದರು. ಬಹುವಚನ ಹೋಯಿತು, ಏಕವಚನ ಉಳಿಯಿತು. ಬಣ್ಣ ಯಾರನ್ನೂ ಅವಮಾನಿಸುವುದಿಲ್ಲ, ಯಾವ ಪೂರ್ವಜನನ್ನೂ ಕೆದಕುವುದಿಲ್ಲ, 1892ರಷ್ಟು ಹಳೆಯದೆಂಬ ಪರಂಪರೆಯ ಬಲವೂ ಅದಕ್ಕಿತ್ತು. ಹೆಸರಿನ ವಿವಾದ ಅಲ್ಲಿಗೆ ಮುಗಿಯಿತು. ಆದರೆ ಬಣ್ಣಕ್ಕೆ ವೇಷ ಹಾಕುವುದು ಹೇಗೆ? ಹಾಫ್‌ಟೈಮಿನಲ್ಲಿ ಬಣ್ಣ ಓಡಲಾರದು, ಎದುರಾಳಿ ಬರ್ಕ್ಲಿಯ ಮ್ಯಾಸ್ಕಾಟ್ ಆದ ಕರಡಿಯನ್ನು ಬಣ್ಣ ನೂಕಲಾರದು. ಕೆನಡಿಯವರ ಘೋಷಣೆ ಹೆಸರಿನ ಸ್ಥಾನವನ್ನು ತುಂಬಿ, ಪಾತ್ರದ ಸ್ಥಾನವನ್ನು ಖಾಲಿ ಬಿಟ್ಟಿತು. ಆ ವೇಳೆಗೆ ಮರ ಅಲ್ಲಿ ಆರು ವರ್ಷ ಕುಣಿದಾಗಿತ್ತು.

ಮರುವರ್ಷವೇ ಬ್ಯಾಂಡು ಕಾಲೇಜು ಕ್ರೀಡೆಯ ಇತಿಹಾಸಕ್ಕೇ ನುಗ್ಗಿತು, ಅಕ್ಷರಶಃ. 1982ರ ನವೆಂಬರ್ 20ರಂದು ಬರ್ಕ್ಲಿಯಲ್ಲಿ ನಡೆದ ವಾರ್ಷಿಕ ‘ಬಿಗ್ ಗೇಮ್’ನಲ್ಲಿ ನಾಲ್ಕು ಸೆಕೆಂಡು ಉಳಿದಿರುವಾಗ ಸ್ಟ್ಯಾನ್‌ಫರ್ಡ್ 20–19ರಿಂದ ಮುಂದಿತ್ತು. ಕೊನೆಯ ಕಿಕ್ಕನ್ನು ಹಿಡಿದ ಬರ್ಕ್ಲಿ ಆಟಗಾರರು ಚೆಂಡನ್ನು ಐದು ಬಾರಿ ಒಬ್ಬರಿಂದೊಬ್ಬರಿಗೆ ಎಸೆಯುತ್ತ ಓಡತೊಡಗಿದರು. ಆಟ ಮುಗಿಯಿತೆಂದು ಭಾವಿಸಿದ ಸ್ಟ್ಯಾನ್‌ಫರ್ಡ್ ಬ್ಯಾಂಡು ಅಷ್ಟರಲ್ಲಾಗಲೇ ಮೈದಾನಕ್ಕಿಳಿದಿತ್ತು. ಕೆವಿನ್ ಮೋಯೆನ್ ವಾದ್ಯಗಾರರ ನಡುವೆಯೇ ನುಸುಳಿ, ಗೆರೆ ದಾಟಿ, ಗ್ಯಾರಿ ಟೈರೆಲ್ ಎಂಬ ಟ್ರಾಂಬೋನ್ ವಾದಕನಿಗೆ ಡಿಕ್ಕಿ ಹೊಡೆದು ಅಂಕ ಗಳಿಸಿದರು. ಬರ್ಕ್ಲಿ 25–20ರಿಂದ ಗೆದ್ದಿತು. ನಾಲ್ಕು ದಿನಗಳ ನಂತರ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಪತ್ರಿಕೆಯವರು ಬರ್ಕ್ಲಿಯ ವಿದ್ಯಾರ್ಥಿ ಪತ್ರಿಕೆಯ ಖೋಟಾ ಸಂಚಿಕೆ ಮುದ್ರಿಸಿ, ಗೆಲುವನ್ನು ಸ್ಟ್ಯಾನ್‌ಫರ್ಡ್‌ಗೆ ಕೊಡಲಾಗಿದೆ ಎಂಬ ಸುಳ್ಳು ಸುದ್ದಿಯನ್ನು ಬರ್ಕ್ಲಿ ಕ್ಯಾಂಪಸ್‌ನಲ್ಲಿ ಹಂಚಿದರು.

ಈ ಪಂದ್ಯದ ಟ್ರೋಫಿ ಒಂದು ಕೊಡಲಿ. 1899ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮೆರೆಸಿದ ಕೊಡಲಿಯನ್ನು ಬರ್ಕ್ಲಿಯವರು ಕದ್ದೊಯ್ದರು. 1930ರಲ್ಲಿ ಇಪ್ಪತ್ತೊಂದು ಮಂದಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಸಂಚು ಹೂಡಿ ಅದನ್ನು ಮರಳಿ ಕಸಿದುಕೊಂಡರು. 1933ರಿಂದ ಗೆದ್ದವರಿಗೆ ಅದು ಸೇರಬೇಕೆಂದು ಒಪ್ಪಂದವಾಯಿತು. ಕೊಡಲಿಯ ಫಲಕದಲ್ಲಿ ಎಲ್ಲ ಪಂದ್ಯಗಳ ಅಂಕಗಳಿವೆ. ಕೊಡಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ 1982ರ ಅಂಕವನ್ನು 20–19 ಎಂದು ತಿದ್ದಲಾಗುತ್ತದೆ. ಬರ್ಕ್ಲಿಗೆ ಮರಳಿದಾಗ ಅದು ಮತ್ತೆ 25–20 ಆಗುತ್ತದೆ. ಮರದ ಪ್ರಕರಣಕ್ಕೆ ಇದು ನೇರವಾಗಿ ಸಂಬಂಧಿಸಿದ್ದಲ್ಲವೆಂದು ತೋರಬಹುದು. ಆದರೆ ಇಂಥ ಸಂಪ್ರದಾಯಗಳು ಯಾವ ಕಚೇರಿಯಿಂದಲೂ ಹೊರಟವಲ್ಲ, ಅವನ್ನು ಕಾಪಾಡುವವರು ವರ್ಷ ವರ್ಷ ಬದಲಾಗುವ ವಿದ್ಯಾರ್ಥಿಗಳು ಎಂಬುದನ್ನು ಗಮನಿಸಿದರೆ, 1975ರ ಆಡಳಿತ ಎಂಥ ನೆಲದ ಮೇಲೆ ಆದೇಶ ಹೊರಡಿಸಲು ಹೊರಟಿತ್ತೆಂಬುದು ತಿಳಿಯುತ್ತದೆ. 1998ರಲ್ಲಿ ಬರ್ಕ್ಲಿಯ ಕೆಲವು ವಿದ್ಯಾರ್ಥಿಗಳು ಮರದ ವೇಷವನ್ನೇ ಅಪಹರಿಸಿದರು. ಅನಧಿಕೃತವಾದ ವಸ್ತುವನ್ನು ಕದಿಯಲು ಯಾರೂ ಅಷ್ಟು ಶ್ರಮಪಡುವುದಿಲ್ಲ. ಎದುರಾಳಿಗಳ ದೃಷ್ಟಿಯಲ್ಲಾದರೂ ಮರ ಆ ಹೊತ್ತಿಗೆ ಅಧಿಕೃತವಾಗಿತ್ತು.

ಅಂಕೆಯಿಲ್ಲದ ಪಾತ್ರದ ಬೆಲೆ

ಯಾರ ಅಧೀನದಲ್ಲೂ ಇಲ್ಲದ ಪಾತ್ರಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. 1990ರಲ್ಲಿ ಆರೆಗಾನ್‌ನಲ್ಲಿ, ಗೂಬೆಯೊಂದರ ಸಂರಕ್ಷಣೆಗಾಗಿ ಅರಣ್ಯಗಳಲ್ಲಿ ಮರ ಕಡಿಯುವುದನ್ನು ತಡೆಯುವ ವಿವಾದ ಉರಿಯುತ್ತಿದ್ದಾಗ, ಮರಮಟ್ಟಿನ ಉದ್ಯಮವನ್ನೇ ನಂಬಿದ ಆ ರಾಜ್ಯದ ಪ್ರೇಕ್ಷಕರ ಮುಂದೆ ಬ್ಯಾಂಡು ಅದನ್ನೇ ಅಣಕವಾಡಿತು. 1997ರಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯವಾದ ನೋಟರ್ ಡೇಮ್‌ನ ‘ಫೈಟಿಂಗ್ ಐರಿಷ್’ ತಂಡದ ವಿರುದ್ಧದ ಪಂದ್ಯದಲ್ಲಿ ಐರಿಷ್ ಕ್ಷಾಮವನ್ನೂ ಕ್ಯಾಥೊಲಿಕ್ ನಂಬಿಕೆಯನ್ನೂ ಹಾಸ್ಯಕ್ಕೆ ಎಳೆದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಬೇಕಾಯಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತ ದುರಂತವನ್ನು ಹಾಫ್‌ಟೈಮಿನ ನಗೆಯಾಗಿಸಿದ್ದು 1972ರಲ್ಲಿ ಕೈಬಿಟ್ಟ ತಪ್ಪಿನ ಇನ್ನೊಂದು ರೂಪವೇ. ಇಂಡಿಯನ್ ಸಂಕೇತವನ್ನು ತೆಗೆದ ಮಾತ್ರಕ್ಕೆ ಕ್ಯಾಂಪಸ್ಸಿಗೆ ಸೂಕ್ಷ್ಮತೆ ಬಂದುಬಿಟ್ಟಿತೆಂದು ಬೀಗುವವರು ಈ ಘಟನೆಯನ್ನು ಮರೆಯಬಾರದು.

ಮರದ ಪಾಡೂ ಹಾಗೆಯೇ. 1995ರಲ್ಲಿ ಬರ್ಕ್ಲಿಯ ಕರಡಿ ‘ಆಸ್ಕಿ’ಯೊಂದಿಗೆ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹೊಡೆದಾಟವಾಯಿತು. 2006ರಲ್ಲಿ ಪಂದ್ಯದ ವೇಳೆ ಕುಡಿದಿದ್ದ ಕಾರಣಕ್ಕೆ ಆ ವರ್ಷದ ಮರವನ್ನು ಪಾತ್ರದಿಂದ ತೆಗೆಯಲಾಯಿತು. 2016ರಲ್ಲಿ ಶಿಸ್ತುಕ್ರಮವಾಗಿ ಇಡೀ ಬ್ಯಾಂಡೇ ಅಮಾನತಾಯಿತು. ಕೆಲವೇ ವಾರಗಳಲ್ಲಿ ಆ ಕ್ರಮ ಸಡಿಲವಾಯಿತು.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಅಧಿಕೃತವಲ್ಲ ಎನ್ನುತ್ತಲೇ ಸ್ಟ್ಯಾನ್‌ಫರ್ಡ್ ತನ್ನ ಕ್ರೀಡಾ ಲಾಂಛನದಲ್ಲಿ ದೊಡ್ಡ ಎಸ್ ಅಕ್ಷರದ ಮೇಲೆ ಹಸಿರು ಮರವನ್ನು ಇರಿಸಿಕೊಂಡಿದೆ. ಟೋಪಿ, ಅಂಗಿಗಳ ಮೇಲೆ ಮರ ಮಾರಾಟವಾಗುತ್ತದೆ. ಕುಣಿಯುವ ಮರ ಒಳ್ಳೆಯ ಹೆಸರು ತಂದಾಗ ಅದು ನಮ್ಮದು, ಕೆಟ್ಟ ಹೆಸರು ತಂದಾಗ ಬ್ಯಾಂಡಿನದು ಎಂಬ ಅನುಕೂಲ ಆಡಳಿತಕ್ಕೆ ಸಿಕ್ಕಿದೆ. 1975ರ ತಪ್ಪಿನಿಂದ ಆಡಳಿತಕ್ಕಾದ ಲಾಭವೆಂದರೆ ಇದೊಂದೇ.

ಎರಡು ಹೋಲಿಕೆಗಳು

ಇದೇ ಪರಿಸ್ಥಿತಿಯನ್ನು ಬೇರೆ ರೀತಿ ನಿಭಾಯಿಸಿದ ಉದಾಹರಣೆ ಸ್ಟ್ಯಾನ್‌ಫರ್ಡ್‌ಗೆ ಬಹಳ ದೂರದಲ್ಲೇನಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನ ಕಾಡುಗಳಲ್ಲಿ ಹಳದಿ ಬಣ್ಣದ, ಚಿಪ್ಪಿಲ್ಲದ ಬಸವನಹುಳುವಿನ ಜಾತಿಯೊಂದಿದೆ. ಬಾಳೆಹಣ್ಣಿನ ಬಣ್ಣದಿಂದಾಗಿ ಅದಕ್ಕೆ ‘ಬನಾನಾ ಸ್ಲಗ್’ ಎಂದು ಹೆಸರು. ವಿದ್ಯಾರ್ಥಿಗಳು ಅದನ್ನೇ ತಮ್ಮ ಗುರುತಾಗಿಸಿಕೊಂಡಿದ್ದರು. 1980ರ ದಶಕದ ಆರಂಭದಲ್ಲಿ ಚಾನ್ಸೆಲರ್ ರಾಬರ್ಟ್ ಸಿನ್‌ಶೈಮರ್ ಅದಕ್ಕಿಂತ ಘನತೆಯುಳ್ಳದ್ದೆಂದು ಕಡಲಸಿಂಹವನ್ನು ಅಧಿಕೃತಗೊಳಿಸಿದರು. ವಿದ್ಯಾರ್ಥಿಗಳು ಸ್ಲಗ್ಗನ್ನು ಬಿಡಲಿಲ್ಲ. 1986ರ ಮತದಾನದಲ್ಲಿ ಹದಿನೈದಕ್ಕೆ ಒಂದರ ಅನುಪಾತದಲ್ಲಿ ಅದು ಗೆದ್ದಿತು. ಚಾನ್ಸೆಲರ್ ಕೊನೆಗೆ ಮಣಿದರು. ಇಂದು ಸಾಂತಾ ಕ್ರೂಜ್‌ಗೆ ಅಧಿಕೃತ ಮ್ಯಾಸ್ಕಾಟ್ ಇದೆ, ಅದರ ಬಗ್ಗೆ ಜಗಳವಿಲ್ಲ.

ಇನ್ನೊಂದು ಅಮೆರಿಕದ ಪೂರ್ವ ಭಾಗದ ಡಾರ್ಟ್‌ಮತ್ ಕಾಲೇಜು. ಅಲ್ಲೂ ಇಂಡಿಯನ್ ಸಂಕೇತವನ್ನು 1970ರ ದಶಕದಲ್ಲಿ ಕೈಬಿಟ್ಟು, ಹಸಿರು ಬಣ್ಣದ ಹೆಸರನ್ನೇ ನೆಚ್ಚಿಕೊಳ್ಳಲಾಯಿತು. ಬಣ್ಣಕ್ಕೆ ಮುಖವಿಲ್ಲದ ಸಮಸ್ಯೆ ಅಲ್ಲೂ ಎದುರಾಯಿತು. 2003ರಲ್ಲಿ ವಿದ್ಯಾರ್ಥಿಗಳ ಹಾಸ್ಯ ಪತ್ರಿಕೆಯವರು ‘ಕೆಗ್ಗಿ’ ಎಂಬ ಬಿಯರ್ ಪೀಪಾಯಿಯನ್ನು ಮ್ಯಾಸ್ಕಾಟ್ ಆಗಿ ಕ್ರೀಡಾಂಗಣಕ್ಕೆ ತಂದರು. ಅಮೆರಿಕದ ಎರಡು ಅಂಚುಗಳಲ್ಲಿ, ಸುಮಾರು ಮೂರು ದಶಕಗಳ ಅಂತರದಲ್ಲಿ, ಒಂದೇ ಬಗೆಯ ಖಾಲಿ ಜಾಗವನ್ನು ಒಂದೇ ಬಗೆಯ ತುಂಟತನ ತುಂಬಿತು. ಆದ್ದರಿಂದ ಮರವನ್ನು ಸ್ಟ್ಯಾನ್‌ಫರ್ಡ್ ಬ್ಯಾಂಡಿನ ವಿಶಿಷ್ಟ ಸ್ವಭಾವದಿಂದ ಮಾತ್ರ ವಿವರಿಸಲಾಗದು. ಬ್ಯಾಂಡು ಅದಕ್ಕೆ ರೂಪ ಕೊಟ್ಟಿತು. ಜಾಗವನ್ನು ಒದಗಿಸಿದ್ದು ಆಡಳಿತ.

ಇಂದಿನ ಸ್ಥಿತಿ

ಮೂಲನಿವಾಸಿ ವಿದ್ಯಾರ್ಥಿಗಳ ಸಂಘಟನೆ 1971ರಲ್ಲಿ ಆರಂಭಿಸಿದ ಪೌವಾವ್ ಉತ್ಸವ ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಅದೇ ಕ್ಯಾಂಪಸ್‌ನಲ್ಲಿ ನಡೆಯುತ್ತದೆ. ಅಲ್ಲಿ ಗರಿಗಳನ್ನು ತೊಟ್ಟು ಕುಣಿಯುವವರು ತಮ್ಮ ಸಮುದಾಯದ ಕುಣಿತವನ್ನು ತಮ್ಮ ನಿಯಮದಂತೆ ಕುಣಿಯುತ್ತಾರೆ. ಇಂಡಿಯನ್ನನ್ನು ಕೈಬಿಟ್ಟರೆ ಮೂಲನಿವಾಸಿಗಳ ನೆನಪೇ ಅಳಿಸಿಹೋಗುತ್ತದೆ ಎಂದು 1972ರಲ್ಲಿ ವಾದಿಸಿದವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಮರದ ಕಡೆಯ ದೊಡ್ಡ ಸುದ್ದಿ 2022ರ ಅಕ್ಟೋಬರ್‌ನದು. ಕ್ಯಾಂಪಸ್ಸಿನ ಸಾಮಾಜಿಕ ಬದುಕಿನ ಮೇಲೆ ಆಡಳಿತ ನಿಯಮಗಳ ಮೇಲೆ ನಿಯಮ ಹೇರುತ್ತಿದೆ ಎಂಬ ಅಸಮಾಧಾನ ಬೆಳೆದಿದ್ದಾಗ, ಅರಿಜೋನಾ ಸ್ಟೇಟ್ ವಿರುದ್ಧದ ಫುಟ್‌ಬಾಲ್ ಪಂದ್ಯದ ಹಾಫ್‌ಟೈಮಿನಲ್ಲಿ ಮರ ‘ಸ್ಟ್ಯಾನ್‌ಫರ್ಡ್‌ಗೆ ಮೋಜೆಂದರೆ ದ್ವೇಷ’ ಎಂಬರ್ಥದ ಬ್ಯಾನರನ್ನು ಬಿಚ್ಚಿ ಹಿಡಿಯಿತು. ಮುಂದಿನ ಜನವರಿಯವರೆಗೆ ಅದನ್ನು ಅಮಾನತಿನಲ್ಲಿಡಲಾಯಿತು. ತಾನು ಎಂದೂ ನೇಮಿಸದ, ಅಧಿಕೃತವೆಂದು ಒಪ್ಪದ ಪಾತ್ರವೊಂದನ್ನು ವಿಶ್ವವಿದ್ಯಾಲಯವು ಹುದ್ದೆಯಲ್ಲಿರುವ ನೌಕರನಂತೆ ಅಮಾನತು ಮಾಡಿದ ಈ ಕ್ರಮಕ್ಕೆ ಬ್ಯಾಂಡಿನವರು ಹೆಚ್ಚು ವಾದ ಹೂಡುವ ಅಗತ್ಯವಿರಲಿಲ್ಲ. ಅಮಾನತಿನ ಸುದ್ದಿ ರಾಷ್ಟ್ರೀಯ ಪತ್ರಿಕೆಗಳಲ್ಲಿ ಬಂದು, ಬ್ಯಾನರಿನಲ್ಲಿದ್ದ ಮಾತನ್ನು ಕ್ರೀಡಾಂಗಣದಲ್ಲಿದ್ದವರಿಗಿಂತ ಎಷ್ಟೋ ಹೆಚ್ಚು ಜನ ಓದಿದರು.